ಹೊಟ್ಟೆಯ ವೇಗ ಅಳೆಯುವ ಮೊಟ್ಟೆಯಕ್ಕ

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಪುಟ್ಟ ಅಡುಗೆಕೋಣೆಯಲ್ಲಿ ಮೊಟ್ಟೆಯಕ್ಕ ಮೊಟ್ಟೆಯ ಬಿಳಿ ತೂಗುತ್ತಿದ್ದಾರೆ. ನೂರಿಪ್ಪತ್ತು ಗ್ರಾಂ. ಒಂದು ಗ್ರಾಂ ಹೆಚ್ಚಾದರೂ ಚಮಚದ ತುದಿಯಿಂದ ತೆಗೆಯುತ್ತಾರೆ. ಪಕ್ಕದಲ್ಲಿ ನಿಂತ ಟೆಕ್ನಿಷಿಯನ್ ಸೀಸದ ಡಬ್ಬಿಯಿಂದ ಔಷಧಿ ತೆಗೆದು ಅದಕ್ಕೆ ಹನಿಸುತ್ತಾನೆ. ಹೊಟ್ಟೆಯೊಳಗಿದ್ದರೂ ಕ್ಯಾಮೆರಾದ ಕಣ್ಣಿಗೆ ಬೀಳುವ ವಿಕಿರಣದ ಔಷಧಿ ಅದು. ಅಕ್ಕ ಕೈಗವಸು ಹಾಕಿಕೊಂಡು, ಎಣ್ಣೆ ಸೋಕದ ಬಾಣಲೆಯಲ್ಲಿ ಅದನ್ನು ನಿಧಾನವಾಗಿ ಕೆದಕುತ್ತಾರೆ.

"ಪೂರ್ತಿ ಗಟ್ಟಿಯಾಗ್ಬೇಕು. ಹಸಿ ಉಳೀತೋ, ಔಷಧಿ ಮೊಟ್ಟೇನ ಬಿಟ್ಟು ತನ್ನ ದಾರಿ ಹಿಡಿಯುತ್ತೆ. ಆಮೇಲೆ ಕ್ಯಾಮೆರಾ ತೋರ್ಸೋದೆಲ್ಲ ಸುಳ್ಳು," ಎನ್ನುತ್ತಾರೆ ಬಾಣಲೆಯಿಂದ ಕಣ್ಣು ಕೀಳದೆ.

ಜೊತೆಗೆ ಸುಟ್ಟ ಎರಡು ತುಂಡು ಬ್ರೆಡ್ಡು, ಸ್ವಲ್ಪ ಜಾಮ್, ಅರ್ಧ ಲೋಟ ನೀರು. ರಾತ್ರಿಯಿಂದ ಉಪವಾಸವಿದ್ದು ಬಂದ ರೋಗಿ ಇದಿಷ್ಟನ್ನೂ ಹತ್ತು ನಿಮಿಷದಲ್ಲಿ ತಿಂದು ಮುಗಿಸಬೇಕು. ತಿಂದ ಕೂಡಲೇ ಒಂದು ಚಿತ್ರ, ಗಂಟೆ ಕಳೆದು ಒಂದು, ಎರಡಕ್ಕೊಂದು, ನಾಲ್ಕಕ್ಕೊಂದು. ಸರಿಯಾದ ಹೊಟ್ಟೆಯಲ್ಲಿ ನಾಲ್ಕು ಗಂಟೆ ಕಳೆಯುವ ಹೊತ್ತಿಗೆ ಹತ್ತರಲ್ಲೊಂದು ಪಾಲೂ ಉಳಿದಿರಬಾರದು. ಅಲ್ಲಿಯವರೆಗೂ ರೋಗಿ ಮಲಗದಂತೆ, ಏನೂ ಮೆಲ್ಲದಂತೆ, ಬೀಡಿ ಸೇದದಂತೆ ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ದಿನಕ್ಕೆ ಇಬ್ಬರೋ ಮೂವರೋ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಅಬ್ಬಾ, ಎಷ್ಟು ಸಾವಿರ ಹೊಟ್ಟೆಗಳು ಇವರ ಕೈತುತ್ತನ್ನು ಅರೆದಿವೆಯೋ!

ಅಕ್ಕ ಇಲ್ಲಿಗೆ ಬಂದದ್ದು ಗಂಡ ತೀರಿಕೊಂಡ ವರ್ಷ, ಆಸ್ಪತ್ರೆಯ ಕ್ಯಾಂಟೀನಿಗೆ ಪಾತ್ರೆ ತೊಳೆಯಲು. ಕಂಕುಳಲ್ಲಿ ಒಂದು ಮಗು, ಸೆರಗು ಹಿಡಿದುಕೊಂಡು ಇನ್ನೊಂದು. ಕೆಲವು ತಿಂಗಳ ನಂತರ ಈ ಕೋಣೆಗೆ ಹಾಕಿದರು. ಬಂದ ವಾರದಲ್ಲೇ ಎಡವಟ್ಟಾಯಿತು. ಹಸಿದು ಬಂದವರ ಮುಖ ನೋಡಲಾರದೆ ಬ್ರೆಡ್ಡಿಗೆ ಒಂದೊಂದು ಚಮಚ ಬೆಣ್ಣೆ ಸವರಿಬಿಟ್ಟರು. ಜಿಡ್ಡು ಬಿದ್ದರೆ ಎಂಥ ಹೊಟ್ಟೆಯೂ ನಿಧಾನವಾಗುತ್ತದೆ. ಆರು ಜನರ ಫಲಿತಾಂಶ ತಲೆಕೆಳಗಾಯಿತು. "ಆರೂ ಜನರ ಮನೆ ಹುಡ್ಕೊಂಡು ನಾನೇ ಹೋದೆ. ತಪ್ಪು ನಂದು, ಇನ್ನೊಂದ್ಸಲ ಬನ್ನಿ ಅಂತ ಕೈಮುಗಿದೆ. ಪಾಪ ಅಂತ ಹಾಕಿದ್ದು ಪಾಪಾನೇ ಆಯ್ತು ನೋಡಿ." ಅಂದಿನಿಂದ ಈ ಕೋಣೆಗೆ ಬೆಣ್ಣೆ ಕಾಲಿಟ್ಟಿಲ್ಲ.

ಇವತ್ತಿನ ಮೊದಲ ತಟ್ಟೆ ಒಬ್ಬ ಸಂಗೀತದ ಮೇಷ್ಟ್ರಿಗೆ. ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವವರು. ಎರಡು ವರ್ಷದಿಂದ ಎದೆಯುರಿ, ಹುಳಿತೇಗು. ಮಲಗಿದರೆ ಆಮ್ಲ ಗಂಟಲಿಗೇ ಏರುತ್ತದೆ. ಮಾತ್ರೆ ನುಂಗಿ ನುಂಗಿ ಸಾಕಾಗಿದೆ, ಈಗ ದನಿಯೂ ಒಡೆದಿದೆ. ಅನ್ನನಾಳದ ಬುಡದ ಬಾಗಿಲನ್ನು ಬಿಗಿ ಮಾಡುವ ಆಪರೇಷನ್‌ಗೆ ದಿನ ಗೊತ್ತಾಗಿದೆ. ಅದಕ್ಕೆ ಮುಂಚೆ ಹೊಟ್ಟೆಯ ವೇಗ ನೋಡಿಬಿಡೋಣ ಎಂದು ಡಾಕ್ಟರಮ್ಮ ಕಳಿಸಿದ್ದಾರೆ.

ಮೇಷ್ಟ್ರು ಇಲ್ಲಿಗೆ ಬರುತ್ತಿರುವುದು ಎರಡನೇ ಸಲ. ಹೋದ ವಾರ ಹತ್ತು ನಿಮಿಷಕ್ಕೆ ಮುಂಚೆಯೇ ತಟ್ಟೆ ಖಾಲಿ ಮಾಡಿ ಕ್ಯಾಮೆರಾ ಮುಂದೆ ನಿಂತಿದ್ದರು. ಒಳಗಿಂದ ಟೆಕ್ನಿಷಿಯನ್ ಕೂಗಿಕೊಂಡ: "ಅಕ್ಕಾ, ಬೇಗ ಬನ್ನಿ! ಇವ್ರಿಗೆ ಸೊಂಟದ ಹತ್ರ ಇನ್ನೊಂದು ಹೊಟ್ಟೆ ಇದೆ!" ಪರದೆಯ ಮೇಲೆ ಹೊಟ್ಟೆ ಇರುವ ಕಡೆ ಒಂದು ಹೊಳಪು, ಪ್ಯಾಂಟಿನ ಜೇಬಿರುವ ಕಡೆ ಇನ್ನೊಂದು. ಅರ್ಧ ಮೊಟ್ಟೆ ಕರ್ಚೀಫಿನಲ್ಲಿ ಬೆಚ್ಚಗೆ ಕೂತಿತ್ತು. ಹೊಟ್ಟೆ ನಿಧಾನ ಎಂದು ಗೊತ್ತಾದರೆ ಆಪರೇಷನ್ ಮುಂದಕ್ಕೆ ಹಾಕುತ್ತಾರೆಂದು ಹೊರಗೆ ಯಾರೋ ಹೇಳಿದ್ದರಂತೆ. ಕಡಿಮೆ ತಿಂದರೆ ಬೇಗ ಖಾಲಿಯಾದೀತು ಎಂಬುದು ಮೇಷ್ಟ್ರ ಲೆಕ್ಕ. ಸಿಕ್ಕಿಬಿದ್ದ ಕಳ್ಳನಂತೆ ಮುಖ ಹುಳ್ಳಗೆ ಮಾಡಿಕೊಂಡಿದ್ದರು. ಅಕ್ಕ ಬೈಯಲಿಲ್ಲ. ಕರ್ಚೀಫನ್ನು ಚಿಮಟದಿಂದ ಹಿಡಿದು ಸೀಸದ ಬುಟ್ಟಿಗೆ ಹಾಕಿದರು, ಮುಂದಿನ ವಾರಕ್ಕೆ ಚೀಟಿ ಬರೆಸಿಕೊಟ್ಟರು.

ಇವತ್ತು ಎದುರಿಗೇ ಕೂತು ತಿನ್ನಿಸುತ್ತಿದ್ದಾರೆ.

"ಅಕ್ಕಾ, ಉರಿಯೋದು ಎದೆ. ಹೊಟ್ಟೆ ನಿಧಾನ ಆದ್ರೇನು, ಬೇಗ ಆದ್ರೇನು?" ಎಂದು ಮೇಷ್ಟ್ರು ಒಡಕು ದನಿಯಲ್ಲಿ ಕೇಳುತ್ತಾರೆ.

"ಬಸ್ಸಲ್ಲಿ ಹೋಗ್ತೀರಲ್ಲ? ಜನ ಇಳಿಯೋ ಬಾಗಿಲು ತೆಗೀಲೇ ಇಲ್ಲ ಅನ್ಕೊಳ್ಳಿ. ಒಳಗೆ ನೂಕುನುಗ್ಗಲು. ಆಗ ಹತ್ತಿದ ಬಾಗಿಲಿಂದ್ಲೇ ವಾಪಸ್ ಉದುರ್ತಾರೆ. ನಿಮ್ಮ ಮಾತ್ರೆ ಹುಳಿ ಕಮ್ಮಿ ಮಾಡುತ್ತೆ, ನೂಕುನುಗ್ಗಲು ಕಮ್ಮಿ ಮಾಡಲ್ಲ. ಎದೆ ಉರಿಯೋರೆಲ್ಲರ ಹೊಟ್ಟೇನೂ ಹಿಂಗೇ ಇರಲ್ಲ ಮೇಷ್ಟ್ರೇ. ಕೆಲವರದ್ದು ಇರುತ್ತೆ. ನಿಮ್ದು ಯಾವ್ದು ಅಂತ ನೋಡೋಕೇ ಇದು. ಮಾತು ಸಾಕು, ತಿನ್ನಿ."

ಮೇಷ್ಟ್ರು ಕೊನೆಯ ಚೂರಿನವರೆಗೂ ತಿನ್ನುತ್ತಾರೆ. ಅಕ್ಕ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ನಗುತ್ತಲೇ ಜೇಬುಗಳನ್ನೂ ತೋರಿಸಲು ಹೇಳುತ್ತಾರೆ.

ಮೊದಲ ಚಿತ್ರ ಮೂಡುತ್ತದೆ. ಕತ್ತಲ ಪರದೆಯಲ್ಲಿ ಬೆಳ್ಳನೆಯ ಮೋಡ. ಹತ್ತೊಂಬತ್ತು ವರ್ಷ ನೋಡಿದರೂ ಅಕ್ಕ ಈ ಗಳಿಗೆಗೆ ಬಂದು ನಿಲ್ಲುವುದನ್ನು ಬಿಟ್ಟಿಲ್ಲ. "ಹೊಟ್ಟೆ ನಿಮಿಷಕ್ಕೆ ಮೂರು ಸಲ ಹಿಂಡುತ್ತಂತೆ. ನಾವು ಹೇಳ್ಬೇಕಾಗಿಲ್ಲ, ನೆನಪು ಮಾಡ್ಬೇಕಾಗಿಲ್ಲ. ನಾವು ಜಗಳ ಆಡ್ತಿರ್ಲಿ, ಅಳ್ತಿರ್ಲಿ, ಅದರ ಪಾಡಿಗೆ ಅದು ಅರೀತಿರುತ್ತೆ. ನೋಡಿದಾಗಲೆಲ್ಲ ಮೈ ಜುಂ ಅನ್ನುತ್ತೆ ಕಣ್ರೀ."

ಎರಡು ಗಂಟೆ ಕಳೆದರೂ ಮೋಡ ಹೆಚ್ಚೇನೂ ಕರಗಿಲ್ಲ. ನಾಲ್ಕು ಗಂಟೆ ಕಳೆದಾಗಲೂ ಮೂರನೇ ಒಂದು ಪಾಲು ಅಲ್ಲೇ ಕೂತಿದೆ. ಡಾಕ್ಟರಮ್ಮ ಕೆಳಗಿಳಿದು ಬಂದು, ಚಿತ್ರಗಳನ್ನು ಎರಡೆರಡು ಬಾರಿ ನೋಡಿ, ಆಪರೇಷನ್ ಸದ್ಯಕ್ಕೆ ಬೇಡ ಎನ್ನುತ್ತಾರೆ.

"ಕೆಳಗಿನ ದಾರಿ ನಿಧಾನ ಇರುವಾಗ ಮೇಲಿನ ಬಾಗಿಲು ಬಿಗಿದ್ರೆ, ಊಟ ಮಾಡಿದಾಗಲೆಲ್ಲ ಹೊಟ್ಟೆ ಉಬ್ಬರಿಸಿ ಒದ್ದಾಡ್ಬೇಕಾಗಬಹುದು. ತೇಗೋಕೂ ಕಷ್ಟ. ಮೊದಲು ಹೊಟ್ಟೆ ಯಾಕೆ ನಿಧಾನ ಅಂತ ಹುಡುಕೋಣ, ಅದಕ್ಕೆ ಔಷಧಿ ಕೊಡೋಣ. ಸ್ವಲ್ಪ ಸ್ವಲ್ಪ ಊಟ, ಜಿಡ್ಡು ಕಮ್ಮಿ. ಆಮೇಲೂ ಉರಿ ನಿಲ್ಲದಿದ್ರೆ ಯೋಚಿಸೋಣ," ಎಂದು ಬಿಡಿಸಿ ಹೇಳುತ್ತಾರೆ.

ಅವರು ಹೋದ ಮೇಲೆ ಮೇಷ್ಟ್ರು ಬೆಂಚಿನ ಮೇಲೆ ಕೂರುತ್ತಾರೆ. ಹೋದ ವಾರ ಜೇಬಿನ ಮೊಟ್ಟೆ ಯಾರ ಕಣ್ಣಿಗೂ ಬೀಳದೇ ಹೋಗಿದ್ದರೆ ಏನಾಗುತ್ತಿತ್ತು ಎಂಬುದು ಈಗ ಅವರಿಗೆ ಹೊಳೆದಿದೆ. ಖಾಲಿ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.

"ಅಕ್ಕಾ, ಮತ್ತೆ ಹಾಡ್ತೀನಾ ನಾನು?"

ಅಕ್ಕ ತೊಳೆದ ಬಾಣಲೆಯನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಅವರ ಪಕ್ಕ ಕೂರುತ್ತಾರೆ. ಹುಸಿ ಸಮಾಧಾನ ಹೇಳುವುದು ಅವರಿಗೆ ಬಾರದು.

"ಅದು ನಂಗೆ ಗೊತ್ತಿಲ್ಲ ಮೇಷ್ಟ್ರೇ, ಹೇಳೋಷ್ಟು ಓದಿದವಳೂ ಅಲ್ಲ. ಆದ್ರೆ ಇವತ್ತು ಡಾಕ್ಟರಮ್ಮ ನೋಡಿದ್ರಲ್ಲ ಆ ಚಿತ್ರ, ಅದ್ರಲ್ಲಿ ಒಂದು ಚೂರೂ ಸುಳ್ಳಿಲ್ಲ. ಅಷ್ಟಕ್ಕೆ ಮಾತ್ರ ನಾನು ಜವಾಬ್ದಾರಿ."