ಕಂಬಳಿಯ ಮೇಲೆ ಬಂದ ದೂರು

ಹಿಂದವಾಡಿಯ ಈ ಮನೆಯಲ್ಲಿ ಗುಡಿಸಿದ ಕಸ ಹೊರಗೆ ಹೋಗುವುದಿಲ್ಲ. ಯಂತ್ರವೊಂದು ಅದನ್ನು ಹೀರಿ, ಹೊಟ್ಟೆಯಲ್ಲಿಟ್ಟುಕೊಂಡು ಕಪಾಟಿನೊಳಗೆ ಮಲಗುತ್ತದೆ. ಖಾನಾಪುರದಾಚೆಯ ನಮ್ಮ ಊರಲ್ಲಿ ಬೆಳಗಿನ ಕಸ ಚಹಾಕ್ಕೆ ಮೊದಲೇ ತಿಪ್ಪೆ ಸೇರಿರುತ್ತದೆ. ಬೆಳಗಾವಿಗೆ ಬಂದ ಮೊದಲ ದಿನ ಡೈರಿಯಲ್ಲಿ ಬರೆದದ್ದು ಇದನ್ನೇ.

ನಾನು ಲ್ಯಾಬೊಂದರಲ್ಲಿ ರಕ್ತದ ನಮೂನೆಗಳಿಗೆ ಚೀಟಿ ಅಂಟಿಸುತ್ತೇನೆ. ಕೋಣೆ ಬಾಡಿಗೆಗೆ ಕೊಟ್ಟವರು ಶಾಲಿನಿ ಕಾಕು. ಇಲ್ಲಿ ಚಿಕ್ಕಮ್ಮನ ವಯಸ್ಸಿನವರೆಲ್ಲ ಕಾಕು. ಅವರಿಗೆ ಮೊಣಕಾಲು ನೋವು. ಹಾಗಾಗಿ ಮಂಗಳವಾರ, ಶುಕ್ರವಾರ ವ್ಯಾಕ್ಯೂಮ್ ಕ್ಲೀನರ್ ಓಡಿಸುವ ಪಾಳಿ ನನ್ನದು. ನಾಲ್ಕನೇ ಸೋಮವಾರ ಅವರು ಮೂಗಿಗೆ ಸೆರಗು ಹಿಡಿದು ನನ್ನ ಬಾಗಿಲಲ್ಲಿ ನಿಂತರು.

"ರೇಣುಕಾ, ಮನಿ ತುಂಬ ಕುಬಟ್ ವಾಸ. ನಿನ್ನ ಕಂಬಳೀದ ಅದ ನೋಡು."

ಕುಬಟ್ ಎಂದರೆ ಮರಾಠಿಯಲ್ಲಿ, ಒದ್ದೆಯಾದದ್ದನ್ನು ಮುಚ್ಚಿಟ್ಟಾಗ ಬರುವ ಮುಗ್ಗಲು.

"ನಮ್ಮ ಕುರಿ ಉಣ್ಣೇದರೀ ಕಾಕು, ಅವ್ವನ ನೂತಾಳ. ಬಿಸಲಿಗೆ ಹಾಕ್ತೀನ್ರಿ."

"ಹಾಕು. ರವಿವಾರದೊಳಗ ವಾಸ ಹೋಗಲಿಲ್ಲಂದ್ರ ಕಂಬಳಿ ಊರಿಗೆ ಕಳಸು, ಇಲ್ಲಾ ಬ್ಯಾರೆ ಖೋಲಿ ನೋಡ್ಕೊ."

ಆ ಕಂಬಳಿಯಿಲ್ಲದೆ ನನಗೆ ಈ ಊರಲ್ಲಿ ನಿದ್ದೆ ಬರುವುದಿಲ್ಲ. ಐದು ದಿನ ಮಹಡಿಯ ಮೇಲೆ ಹರವಿದೆ. ಡೈರಿಯಲ್ಲಿ ದಿನವೂ ಗೀಟು ಹಾಕಿದೆ: ಕಂಬಳಿ ಒಳಗಿತ್ತೆ, ವಾಸನೆ ಇತ್ತೆ. ಗೀಟುಗಳು ತಾಳೆಯಾಗಲಿಲ್ಲ. ಕಂಬಳಿ ಹೊರಗಿದ್ದಾಗಲೂ ವಾಸನೆ ಬಂದಿತ್ತು, ಅದೂ ಮಂಗಳವಾರ ಮತ್ತು ಶುಕ್ರವಾರ ಹೆಚ್ಚು.

ಶನಿವಾರ ಯಂತ್ರದ ಹೊಟ್ಟೆ ತೆರೆದೆ. ಚೀಲದೊಳಗೆ ಧೂಳು ಹಿಟ್ಟಿನಂತೆ ಕಲಸಿಕೊಂಡು ಹುಳಿತು ಕೂತಿತ್ತು. ತಪ್ಪು ನನ್ನದೇ. ಧೂಳೇಳದಿರಲಿ ಎಂದು ಊರಲ್ಲಿ ನೀರು ಚಿಮುಕಿಸಿಯೇ ಗುಡಿಸುತ್ತೇವೆ. ಇಲ್ಲಿಯೂ ಯಂತ್ರ ಓಡಿಸುವ ಮುನ್ನ ಹಾಗೆಯೇ ಮಾಡುತ್ತಿದ್ದೆ.

ಕಾಕುಗೆ ಎಲ್ಲ ಹೇಳಿಬಿಟ್ಟೆ.

"ಅಯ್ಯ, ಮಶೀನಿಗೆ ಜಳಕಾ ಮಾಡಸಾಕತ್ತಿದ್ದಿ ಏನು?" ಎಂದು ನಕ್ಕರು. ಆಮೇಲೆ ದನಿ ಇಳಿಸಿ, "ಖರೇ ಹೇಳ್ಲಿ? ತಂದಾಗಿಂದ ನಾನೂ ಅದರ ಬಾಯಿ ತಗದು ನೋಡಿಲ್ಲ. ಕಂಬಳಿ ಒಳಗ ತಗೊಂಡು ಬಾ" ಎಂದರು.

ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಬ್ರಷ್ಷಿಗೆ ಸುತ್ತಿದ ಕೂದಲನ್ನು ಅವರು ಕತ್ತರಿಸಿದರು, ಪೈಪನ್ನು ನಾನು ಒಣಬಟ್ಟೆಯಿಂದ ಒರೆಸಿದೆ. ಫಿಲ್ಟರನ್ನು ತೊಳೆದು, ಒಂದಿಡೀ ದಿನ ನೆರಳಲ್ಲಿ ಒಣಗಿಸಿ, ಹೊಸ ಚೀಲ ಹಾಕಿದೆವು. ಈಗ ನೀರು ಚಿಮುಕಿಸುವುದಿಲ್ಲ, ಚೀಲ ತುಂಬಿ ಬಿರಿಯುವ ತನಕ ಕಾಯುವುದೂ ಇಲ್ಲ. ಫಿಲ್ಟರ್ ತೊಳೆಯುವುದು ತಿಂಗಳ ಮೊದಲ ಶನಿವಾರ. ಅಂಥ ನಾಲ್ಕು ಶನಿವಾರ ಮುಗಿದವು. ವಾಸನೆಯ ಗೀಟು ಒಂದೂ ಇಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಕಂಬಳಿಯನ್ನೂ ಒಯ್ದೆ. ಅವ್ವ ಅದನ್ನು ಮೂಗಿಗೆ ಹಿಡಿದಳು.

"ಇದರಾಗ ಕುರಿ ವಾಸನೀನ ಇಲ್ಲಲ್ಲ! ಯಾರ ಮನೀದು ತಂದೀ ಬೇ?"

ಒಂದು ಹಗಲು ಅದನ್ನು ಕುರಿದೊಡ್ಡಿಯ ಬೇಲಿಯ ಮೇಲೆ ಹರವಿದಳು. ಬೆಳಗಾವಿಗೆ ಮರಳಿ ಹಾಸಿಗೆಯ ಮೇಲೆ ಬಿಚ್ಚಿದರೆ ಕೋಣೆ ತುಂಬ ನಮ್ಮ ದೊಡ್ಡಿ. ಕಿಟಕಿ ತೆರೆಯಲು ಹೋದೆ. ಅರ್ಧ ತೆರೆದು, ಹಾಗೆಯೇ ಬಿಟ್ಟೆ.