ಟ್ಯಾಂಕರ್ ಸಾಲಿನ ಚಿತ್ರದ ಬಾಯಿ

ಗಂಗಾಬಾಯಿಯವರು ಯಾರ ಮನೆಗೆ ಬಂದರೂ ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ಮನುಷ್ಯರನ್ನು. ಗೋಡೆ ಖಾಲಿ ಇದ್ದರೆ ಅವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ನಮ್ಮೂರು ನಿಲಂಗಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹಳ ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ‘ಬಾಯಿ’ ಎನ್ನುತ್ತೇವೆ. ಇವರು ಇಡೀ ಓಣಿಗೆ ಚಿತ್ರದ ಬಾಯಿ. ಹಣೆಯ ಮೇಲೆ ವಿಭೂತಿ, ಸೆರಗಿನ ತುದಿಯಲ್ಲಿ ಇದ್ದಿಲಿನ ಮಸಿ. ಇವೆರಡೂ ಇಲ್ಲದೆ ಅವರನ್ನು ನೋಡಿದ ನೆನಪು ನನಗಿಲ್ಲ.

ಸಾಲಾಗಿ ಎರಡು ವರ್ಷ ಮಳೆ ಕೈಕೊಟ್ಟ ಮೇಲಿನ ಬೇಸಿಗೆ ಅದು. ನೀರಿನ ಟ್ಯಾಂಕರು ನಮ್ಮ ಮನೆ ಮೂಲೆಯ ಬೇವಿನ ಮರದ ಹತ್ತಿರ ನಿಲ್ಲುತ್ತಿತ್ತು. ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ದೊಡ್ಡವರು ಕೊಡಗಳನ್ನು ಸಾಲಿಗಿಟ್ಟು, ಮಕ್ಕಳನ್ನು ಕಾವಲು ಕೂರಿಸಿ ಕೆಲಸಕ್ಕೆ ಹೋಗುತ್ತಿದ್ದರು. ಶಾಲೆಗೆ ರಜೆ, ಮೇಲೆ ಬಿಸಿಲು, ಮಾಡಲು ಏನೂ ಇಲ್ಲ, ಹೊತ್ತೇರುವಷ್ಟರಲ್ಲಿ ಹೊಡೆದಾಟ. ಇದನ್ನು ನಾಲ್ಕು ದಿನ ನೋಡಿದ ಬಾಯಿ ಐದನೆಯ ದಿನ ಬೆಳಿಗ್ಗೆ ಹನ್ನೊಂದು ಮಕ್ಕಳನ್ನು ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದರು.

“ಸುನಂದಾ, ನಿಮ್ಮ ಗೋಡಿ ಜರಾ ಬೇಕಾಗಿತ್ತು.”

“ಗೋಡಿ ಏನು ಸೌಟೇನ್ರೀ ಬಾಯಿ, ಒಯ್ದು ತಂದು ಕೊಡ್ಲಿಕ್ಕ? ಹೋದ ದೀಪಾವಳಿಗೇ ಸುಣ್ಣ ಹಚ್ಚೀವಿ.”

“ಅದಕ್ಕೇ ಕೇಳ್ಲತೀನಿ. ಓಣ್ಯಾಗ ಬಿಳೆ ಗೋಡಿ ನಿಮ್ದೊಂದೇ ಅದ.”

ನಾನು ಹೂಂ ಅನ್ನುವ ಮೊದಲೇ ಮಕ್ಕಳು ಇದ್ದಿಲು ಹಿಡಿದು ನಿಂತಿದ್ದರು.

ಅವರ ಪಾಠಕ್ಕೆ ಪೇಟೆಯಿಂದ ಏನೂ ತರಬೇಕಿರಲಿಲ್ಲ. ಒಡೆದ ಹಂಚು ಕುಟ್ಟಿದರೆ ಕೆಂಪು, ಒಲೆಯ ಬೂದಿ ಬಿಳಿ, ಹೊಲದ ಎರೆಮಣ್ಣು ಕಪ್ಪು, ಬೇವಿನ ಒಣ ಎಲೆ ತಿಕ್ಕಿದರೆ ಹಸಿರು. ಮಕ್ಕಳು ಈ ಪುಡಿಗಳನ್ನು ನೆಲದ ಮೇಲೆ ಹರಡಿ ರೈಲು, ನವಿಲು, ಉದಗೀರದ ಕೋಟೆ, ಎಲ್ಲ ಮಾಡುತ್ತಿದ್ದರು. ಮಧ್ಯಾಹ್ನ ಗಾಳಿ ಎದ್ದರೆ ಆ ನವಿಲು ಪೂರ್ತಿ ನನ್ನ ರೊಟ್ಟಿ ಹಿಟ್ಟಿನ ಮೇಲೆ ಬಂದು ಕೂರುತ್ತಿತ್ತು.

“ಬಾಯಿ, ಹಿಟ್ಟಿನ್ಯಾಗ ಮಣ್ಣು ಬೀಳ್ಲತದ್ರೀ.”

“ಕಿಟಕಿ ಹಾಕ್ಕೋ. ಅಲ್ಲ, ನವಿಲು ಹ್ಯಾಂಗಾಗಿತ್ತು, ನೋಡಿದಿಲ್ಲೋ?”

ಇಂಥವರ ಜೊತೆ ಜಗಳ ಮಾಡುವುದಾದರೂ ಹೇಗೆ?

ಜಗಳ ಆಗಿದ್ದು ನನಗೂ ಎದುರು ಮನೆಯ ಶಾಂತಾಳಿಗೂ. ಎಲ್ಲರ ಕೊಡಗಳೂ ಒಂದೇ ಸಂತೆಯ ನೀಲಿ ಪ್ಲಾಸ್ಟಿಕ್ಕಿನವು. ತುಂಬಿದ ಒಂದು ಕೊಡ ನನ್ನದೆಂದು ನಾನು, ತನ್ನದೆಂದು ಅವಳು ಎಳೆದಾಡಿ, ಅದು ಕೈಜಾರಿ ಒಡೆಯಿತು. ನೀರೆಲ್ಲ ನೆಲದ ಪಾಲು. ಇಬ್ಬರೂ ಅಳುತ್ತ ನಿಂತೆವು. ಮರುದಿನ ಬಾಯಿ ಎಲ್ಲಿಂದಲೋ ಬೋರ್ಡು ಬರೆಯುವವರ ಉಳಿದ ಬಣ್ಣ ತಂದು, ಸಾಲಿನಲ್ಲಿದ್ದ ಕೊಡಗಳ ಮೇಲೆಲ್ಲ ಮಕ್ಕಳಿಂದ ಗುರುತು ಬರೆಸಿದರು. ಶಾಂತಾಳ ಕೊಡಕ್ಕೆ ಕಮಲ. ನನ್ನದಕ್ಕೆ ಮಾತ್ರ ಬಾಯಿ ತಾವೇ ಕೂತು ಬರೆದಿದ್ದರು: ಕೊಕ್ಕು ತೆರೆದ ಕಾಗೆ.

“ಇದೇನ್ರೀ ಬಾಯಿ, ನನಗ ಕಾಗಿ?”

“ಮುಂಜಾನಿ ಎದ್ದ ಕೂಡ್ಲೆ ಓಣ್ಯಾಗ ಯಾರ ದನಿ ಕೇಳಸ್ತದ, ನೀನೇ ಹೇಳು.”

ಕೊಡದ ಜಗಳ ಅಲ್ಲಿಗೇ ನಿಂತಿತು, ನಿಜ. ಆದರೆ ಓಣಿಯವರು ನನ್ನನ್ನು ಕಂಡು ಮುಸಿಮುಸಿ ನಗುವುದು ಮಳೆಗಾಲದವರೆಗೂ ನಿಲ್ಲಲಿಲ್ಲ.

ಮೇ ತಿಂಗಳಲ್ಲಿ ಒಮ್ಮೆ ಮೂರು ದಿನ ಟ್ಯಾಂಕರೇ ಬರಲಿಲ್ಲ. ನಮ್ಮ ಅತ್ತೆಯವರಿಗೆ ಜ್ವರ, ಮನೆಯಲ್ಲಿ ಉಳಿದಿದ್ದು ಅರ್ಧ ಕೊಡ ನೀರು. ಹೊರಗೆ ನಗು ಕೇಳಿ ಬಂದು ನೋಡಿದರೆ, ಬಾಯಿ ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸಿದ್ದಾರೆ. ಮಕ್ಕಳು ಎಲೆ ಅದ್ದಿ ಅದ್ದಿ ನನ್ನ ಗೋಡೆಗೆ ಒತ್ತುತ್ತಿದ್ದಾರೆ. ನನ್ನ ಮೈ ಉರಿದುಹೋಯಿತು.

“ಮನ್ಯಾಗ ಕುಡಿಲಾಕ ನೀರಿಲ್ಲ, ನೀವು ಇಲ್ಲಿ ಮಣ್ಣಾಗ ಸುರದು ಆಟ ಆಡ್ಲತೀರಿ. ವಯಸ್ಸಾದ್ರೂ ಬುದ್ಧಿ ಬ್ಯಾಡೇನ್ರೀ ನಿಮಗ?”

ಅಷ್ಟಕ್ಕೇ ಬಿಡಲಿಲ್ಲ, ಬಕೆಟ್ಟನ್ನು ಕಾಲಿನಿಂದ ಉರುಳಿಸಿದೆ. ಮಕ್ಕಳು ಓಡಿಹೋದರು. ಬಾಯಿ ಬಕೆಟ್ಟು ಎತ್ತಿ, ಸೆರಗಿನಿಂದ ಅದರ ಅಂಚು ಒರೆಸಿ, ಮನೆಗೆ ಹೋದರು.

ಸಂಜೆ ಶಾಂತಾ ಬಂದು ಹೇಳಿದಳು: “ಅಕ್ಕಾ, ಅದು ಕುಡಿಯೋ ನೀರಲ್ಲ. ಬಾಯಿ ಎರಡು ದಿನದಿಂದ ಜಳಕ ಮಾಡಿಲ್ಲ. ಮುಖ ತೊಳದಿದ್ದು, ಅಕ್ಕಿ ತೊಳದಿದ್ದು ಕೂಡಿಸಿ ಇಟ್ಟಿದ್ರು. ಹುಡುಗ್ರಿಗಿ ಹೇಳಿದ್ರಂತ, ಸೋಮವಾರ ಎಲಿ ಒತ್ತೋದು ಕಲಸ್ತೀನಿ ಅಂತ.”

ನಾನು ಅವರ ಮನೆಗೆ ಹೋದೆ. ಹೊಸ್ತಿಲ ಹತ್ತಿರ ಕೂತು ಜೋಳ ಹಸನು ಮಾಡುತ್ತಿದ್ದರು. ತಪ್ಪಾಯಿತು ಅನ್ನಬೇಕೆಂದೇ ಹೋಗಿದ್ದವಳು, “ನಾಳಿ ಹುಡುಗ್ರಿಗಿ ಕರಕೊಂಡು ಗೋಡಿ ಕಡಿ ಬರ್ರಿ” ಅಂದೆ.

ಅವರು ಮೊರದಿಂದ ತಲೆ ಎತ್ತದೆಯೇ ಕೇಳಿದರು. “ಯಾವ ಗೋಡಿ? ಮುಂದಿಂದೋ, ಹಿಂದಿಂದೋ?”

ಎರಡನ್ನೂ ತೆಗೆದುಕೊಂಡರು.

ಆ ವರ್ಷ ಮಳೆ ಬಂತು. ಟ್ಯಾಂಕರಿನ ಸಾಲು ಕರಗಿತು, ಮಕ್ಕಳೂ ಚದುರಿದರು. ಬಾಯಿಯವರ ಕಣ್ಣು ಮಂಜಾಗುತ್ತ ಬಂದಿದ್ದರಿಂದ ತಮ್ಮನ ಮಗಳು ಬಂದು ಉದಗೀರಕ್ಕೆ ಕರೆದೊಯ್ದಳು. ಎರಡು ವರ್ಷದ ನಂತರ, ಚೈತ್ರದಲ್ಲಿ, ಲಗ್ನಕ್ಕೆಂದು ಉದಗೀರಕ್ಕೆ ಹೋದಾಗ ಅವರನ್ನು ನೋಡಲು ಹೋದೆ. ಆಗ ಅವರಿಗೆ ಏನೂ ಕಾಣುತ್ತಿರಲಿಲ್ಲ. ನನ್ನ ದನಿ ಕೇಳಿದ್ದೇ ಕೈ ಹಿಡಿದು ಅಂಗಳದ ಹುಣಸೆ ಮರದ ಹತ್ತಿರ ನಡೆಸಿಕೊಂಡು ಹೋದರು.

“ನೆರಳು ಯಾವ ಬಣ್ಣ ಅದ, ಹೇಳು.”

“ನೆರಳು ಕರಿನೇ ಇರ್ತದಲ್ರೀ ಬಾಯಿ. ನನಗ ಐದರ ಬಸ್ ಅದ.”

“ನೆರಳು ಕರಿ ಇರಂಗಿಲ್ಲ. ಬಗ್ಗಿ ನೋಡು.”

ಬಗ್ಗಿದೆ. ಬೂದಿ ಬಣ್ಣ ಅಂದೆ, ಒಪ್ಪಲಿಲ್ಲ. ಮಣ್ಣಿನ ಬಣ್ಣ ಅಂದೆ, ಎಂಥ ಮಣ್ಣು ಎಂದು ಕೇಳಿದರು. ಕೊನೆಗೆ ಬೇಸತ್ತು ನೆಲಕ್ಕೇ ಕೂತು ನೋಡಿದೆ. ನಡುವೆ ಬದನೆಕಾಯಿಯ ಬಣ್ಣವಿತ್ತು, ಬಿಸಿಲು ತಾಗುವ ಅಂಚಿನಲ್ಲಿ ತೆಳುವಾದ ನೀಲಿ. ಹಾಗೆಯೇ ಹೇಳಿದೆ.

“ಹಾಂ,” ಅಂದರು. “ಈಗ ಹೋಗು.”

ಐದರ ಬಸ್ಸು ಹೋಗಿತ್ತು. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ನಿಲಂಗಾಕ್ಕೆ ಬಂದೆ, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬಾಯಿಯವರನ್ನು ಬೈಯುತ್ತ. ಶ್ರಾವಣದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ನಡುವೆ ಇನ್ನೊಮ್ಮೆ ಉದಗೀರಕ್ಕೆ ಹೋಗಿದ್ದೆ. ಮತ್ತೆ ಬಸ್ಸು ತಪ್ಪಿಸುತ್ತಾರೆಂದು ಅವರ ಮನೆಯ ಕಡೆ ಹೋಗಿರಲಿಲ್ಲ.