ಉಬ್ಬರಕ್ಕೆ ದಾರಿ ಬಿಟ್ಟವಳು

ಮೊಂಬಾಸಾದ ಮಿಕಿಂದಾನಿಯಲ್ಲಿ, ನೀರು ಹಿಂದೆ ಸರಿದು ಕೆಸರು ಬೆಳ್ಳಿಯಂತೆ ಹೊಳೆಯುವ ಹೊತ್ತಿಗೆ, ಲೆಸೊ ಬಟ್ಟೆಯನ್ನು ಸೊಂಟಕ್ಕೆ ಬಿಗಿದು ನಿಂತ ಎತ್ತರದ ಹೆಂಗಸೊಬ್ಬಳು ಕಾಣುತ್ತಾಳೆ. ಅಳಿವೆಯೇ ಕನಸಿನಲ್ಲಿ ಎದ್ದು ನಿಂತಂತೆ. ಅವಳೇ ಸೌಮು; ಗೌರವದಿಂದ ನಾವು ಬಿ ಸೌಮು ಎನ್ನುತ್ತೇವೆ.

ಅಲ್ಲಿ ಮೊದಲು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಕಾಡಿತ್ತು. ಕಡಿದವರಲ್ಲಿ ಅವಳೂ ಒಬ್ಬಳು. ಹದಿನಾರರ ವಯಸ್ಸಿನಿಂದ ಬ್ರೆಡ್ಡಿನ ಒಲೆಗಳಿಗೆ ಸೌದೆ ಸಾಗಿಸಿದಳು. ಕಾಡು ಮುಗಿದ ಮೇಲೆ ಸಮುದ್ರ ಅವಳ ಅಡುಗೆಮನೆಗೇ ಬಂತು. "ಅದೂ ಮನೆ ಕಳ್ಕೊಂಡಿದೆ, ಪಾಪ" ಎಂದಳಷ್ಟೆ.

ಓಣಿಯ ಹೆಂಗಸರ ಸಂಘ ಕಾಂಡ್ಲಾ ನೆಡತೊಡಗಿತು. ನಮ್ಮಲ್ಲಿ ಹೆಚ್ಚಿನವರು ಒಳನಾಡಿನವರು. ಜೋಳ ಬಿತ್ತಿದ ಹಾಗೆ ಹಗ್ಗ ಹಿಡಿದು ಸಾಲು ನೆಟ್ಟೆವು. ಮೂರು ವರ್ಷವೂ ಸಸಿ ಸತ್ತವು. ಓಣಿಯ ಹಿರಿಯ ಹಮಾದಿ ಕೊನೆಯ ಮಾತು ಹೇಳಿದ: ಈ ಮಳೆಯಲ್ಲೂ ಹಸಿರು ಕಾಣದಿದ್ದರೆ ದಡಕ್ಕೆ ಕಲ್ಲುಮಣ್ಣು ತುಂಬಿ ಅಂಗಡಿ ಕಟ್ಟುವುದು.

ಸೌಮು ಸತ್ತ ಸಸಿಯೊಂದನ್ನು ಕಿತ್ತು ಬೇರು ಮೂಸಿದಳು. ನಿಂತ ನೀರಿನ ನಾತ. ಮರುದಿನ ಗುದ್ದಲಿ ಹಿಡಿದು, ಒಡೆದ ಇಟ್ಟಿಗೆ, ಪ್ಲಾಸ್ಟಿಕ್ಕು ತುಂಬಿ ಮುಚ್ಚಿಹೋಗಿದ್ದ ಹಳೆಯ ಕಾಲುವೆಗೆ ಇಳಿದಳು.

"ಶೋಗಾ, ಗಿಡ ನೆಡು ಅಂದ್ರೆ ಚರಂಡಿ ತೋಡ್ತೀಯಲ್ಲೇ! ನಗರಸಭೆ ಸಂಬಳ ಕೊಡುತ್ತಾ?" ಅವಳ ಶೋಗಾ, ಎಂದರೆ ಗೆಳತಿ, ಮ್ವಾನಾಟುಮು ಎಣ್ಣೆಯಲ್ಲಿ ಕರಿದ ಮಹಮ್ರಿ ಜಗಿಯುತ್ತ ಕೆಣಕಿದಳು.

"ಬಾಯಿ ಆಡಿಸೋ ಬದಲು ಗುದ್ದಲಿ ಆಡಿಸೇ."

"ನನ್ನ ಸೊಂಟ ಯಾರು ಹಿಡೀತಾರೆ?"

"ಸಮುದ್ರ ಹಿಡಿಯುತ್ತೆ, ಬಾ. ಸೌದೆ ದೋಣೀನ ಇಲ್ಲೇ ತಳ್ಕೊಂಡು ಹೋಗ್ತಿದ್ದೆ. ನೀರು ಬರೋ ದಾರೀನೂ ಇದೇ. ಬಾಗಿಲು ಹಾಕ್ಕೊಂಡು ನೆಂಟರನ್ನ ಕರೆದ್ರೆ ಯಾರು ಬರ್ತಾರೆ?"

ಮ್ವಾನಾಟುಮು ಬೈಯುತ್ತಲೇ ಇಳಿದಳು. ಆಮೇಲೆ ನಾವೆಲ್ಲ. ಆ ವರ್ಷ ಒಂದೇ ಒಂದು ಸಸಿಯನ್ನೂ ನೆಡಲಿಲ್ಲ. ಒಳಗೊಳಗೇ ಹೆದರಿಕೆಯಿತ್ತು. ಹುಣ್ಣಿಮೆಯ ಉಬ್ಬರ ಕಾಲುವೆಯಲ್ಲಿ ಮೆಲ್ಲನೆ ಒಳಬಂತು, ನಾರುವ ಕೆಸರನ್ನೆಲ್ಲ ಸವರಿತು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಹಿಂದೆ ಸರಿಯಿತು. ಹಾಗೆ ಎಷ್ಟೋ ದಿನ. ಮಳೆ ಬಂತು, ಹೋಯಿತು.

ಒಂದು ಬೆಳಗ್ಗೆ ಹಮಾದಿ ಅಳತೆಯ ಪಟ್ಟಿಯೊಂದಿಗೆ ಬಂದ. "ಬಿ ಸೌಮು, ಎಲ್ಲಿ ನಿಮ್ಮ ಸಾಲು?"

"ಸಾಲಿಲ್ಲ ಯಜಮಾನ್ರೇ. ಕಾಲ ಹತ್ರ ನೋಡಿ."

ಆಚೆ ದಡದ ಮರಗಳಿಂದ ತೇಲಿಬಂದ, ನುಗ್ಗೆಕಾಯಿಯಂಥ ಕಾಂಡ್ಲಾ ಬೀಜಗಳು ಕೆಸರಿನಲ್ಲಿ ತಮ್ಮಿಷ್ಟ ಬಂದಲ್ಲಿ ನಿಂತಿದ್ದವು. ಇಲ್ಲೊಂದು, ಅಲ್ಲಿ ನಾಲ್ಕು, ಇನ್ನೂ ಆಚೆ ಒಂದು ಹಿಂಡು. ಪ್ರತಿಯೊಂದರ ತುದಿಯಲ್ಲೂ ಎರಡು ಎಲೆ.

ಹಮಾದಿ ಬಗ್ಗಿ ನೋಡಿದ. "ಇದನ್ನ ಹೇಗಮ್ಮ ಅಳೆಯೋದು?" ಎಂದು ಗೊಣಗಿ ಪಟ್ಟಿ ಸುತ್ತಿಕೊಂಡ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಒಂದೂ ಎಲೆ ತುಳಿಯದಂತೆ, ತಾನು ಬಂದ ಹೆಜ್ಜೆಗಳ ಮೇಲೇ ಕಾಲಿಡುತ್ತ ಹಿಂದಿರುಗಿದ.